ಗಲ್ಲಾ ತುಂಬಿದ್ರೆ ಲಾಭ ಅಂತ ಅಲ್ಲ: ಸಣ್ಣ ವ್ಯಾಪಾರಿಗೆ ಬೇಕಾದ ಗುಣ ಯಾವುದು?

[ತೆರೆ: ಬೆಳಗಿನ ಜಾವ, ರಸ್ತೆಬದಿಯ ತಟ್ಟೆ ಇಡ್ಲಿ ಗಾಡಿ. ಹಬೆ, ಸಾಲುನಿಂತ ಜನ.]

ನಮಸ್ಕಾರ. ಸ್ವಂತ ವ್ಯಾಪಾರ ಮಾಡೋರಿಗೆ ಏನು ಗುಣ ಬೇಕು ಅಂತ ಯಾರನ್ನಾದ್ರೂ ಕೇಳಿ. ಧೈರ್ಯ ಬೇಕು, ಮಾತು ಬರಬೇಕು, ಮೈ ಬಗ್ಗಿಸಿ ದುಡೀಬೇಕು ಅಂತಾರೆ. ನಿಜ. ಆದ್ರೆ ಈ ಮೂರೂ ಇದ್ದು ಶಟರ್ ಎಳೆದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ನಾನು ಇವತ್ತು ಹೇಳೋದು ಯಾರೂ ಅಷ್ಟಾಗಿ ಹೊಗಳದ ಒಂದು ಗುಣದ ಬಗ್ಗೆ. ತನ್ನ ಅಂಗಡಿಯ ಲೆಕ್ಕವನ್ನ ತನಗೇ ಸುಳ್ಳು ಹೇಳಿಕೊಳ್ಳದೆ ದಿನಾ ಬರೆಯೋ ಗುಣ.

ಈ ಗಾಡಿಯನ್ನೇ ತಗೊಳ್ಳಿ. ಅಂಕಿ ನಾನು ಉದಾಹರಣೆಗೆ ಹಾಕಿದ್ದು. ನಿಮ್ಮೂರಿನ ದರ ಹಾಕಿಕೊಳ್ಳಿ.

[ತೆರೆ: ಲೆಕ್ಕದ ಪುಸ್ತಕದ ಹಾಳೆ, ಒಂದೊಂದೇ ಸಾಲು ಮೂಡುತ್ತದೆ.]

ಪ್ಲೇಟಿಗೆ 40 ರೂಪಾಯಿ, ದಿನಕ್ಕೆ 120 ಪ್ಲೇಟು. ಗಲ್ಲಾದಲ್ಲಿ 4,800. ನೋಡೋಕೆ ಚೆನ್ನಾಗಿದೆ. ಅಕ್ಕಿ, ಉದ್ದಿನಬೇಳೆ, ಕಾಯಿ, ತರಕಾರಿ ಸೇರಿ 2,400. ಗ್ಯಾಸ್ 300. ತಟ್ಟೆ, ಪಾರ್ಸೆಲ್ ಕವರ್ 150. ಹುಡುಗನ ಕೂಲಿ 600. ಗಾಡಿ, ಪಾತ್ರೆ ಇಡೋ ಜಾಗಕ್ಕೆ 200. ಉಳಿದಿದ್ದು 1,150.

ಇಲ್ಲಿಗೇ ಎಷ್ಟೋ ಜನ ಪುಸ್ತಕ ಮುಚ್ಚಿಬಿಡ್ತಾರೆ, ದಿನಕ್ಕೆ ಸಾವಿರದ ನೂರೈವತ್ತು ಲಾಭ ಅಂತ. ಸ್ವಲ್ಪ ತಡೀರಿ. ಬೆಳಗಿನ ಮೂರು ಗಂಟೆಗೆ ಎದ್ದು ಹನ್ನೊಂದರ ತನಕ ನಿಂತ ಮಾಲೀಕನ ಕೂಲಿ ಎಲ್ಲಿ? ಇದೇ ಕೆಲಸ ಬೇರೆಯವರ ಹೋಟೆಲಲ್ಲಿ ಮಾಡಿದ್ರೆ 800 ಸಿಗ್ತಿತ್ತು ಅಂದ್ಕೊಳ್ಳಿ. ಅದನ್ನ ಕಳೆದ್ರೆ ವ್ಯಾಪಾರ ದುಡಿದಿದ್ದು ಬರೀ 350. ಹೆಂಡತಿ ರಾತ್ರಿ ಕೂತು ಹಿಟ್ಟು ರುಬ್ಬಿದ್ದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಮ್ಮ ಸಣ್ಣ ವ್ಯಾಪಾರಗಳಲ್ಲಿ ಮನೆ ಹೆಂಗಸರ ದುಡಿಮೆಗೆ ಪುಸ್ತಕದಲ್ಲಿ ಒಂದು ಸಾಲೂ ಇರೋದಿಲ್ಲ. ಇದು ನನಗೆ ತುಂಬಾ ಬೇಜಾರು ತರಿಸೋ ವಿಷಯ.

ಈಗ ಕಾಯಿ ದರ ಏರ್ತು ಅನ್ನಿ. 2025ರಲ್ಲಿ ಹೇಗೆ ಏರ್ತು ಅಂತ ಚಟ್ನಿ ಮಾಡೋ ಎಲ್ಲರಿಗೂ ಗೊತ್ತು. ದಿನಕ್ಕೆ ಹತ್ತು ಕಾಯಿ, ಒಂದಕ್ಕೆ 20 ರೂಪಾಯಿ ಹೆಚ್ಚಾದ್ರೂ 200 ಹೋಯ್ತು. ಉಳಿದಿದ್ದು 150. ಲೆಕ್ಕ ಬರೆಯೋನಿಗೆ ಇದು ಅದೇ ವಾರ ಕಾಣತ್ತೆ. ಅವನು ಪ್ಲೇಟಿಗೆ ಐದು ರೂಪಾಯಿ ಏರಿಸ್ತಾನೆ, ಗಿರಾಕಿಗೆ ಕಾರಣ ಹೇಳ್ತಾನೆ. ಬರೆಯದೇ ಇರೋನಿಗೆ ಕೈಯಲ್ಲಿ ದುಡ್ಡು ನಿಲ್ತಿಲ್ಲ ಅನ್ನೋದಷ್ಟೇ ಗೊತ್ತಾಗತ್ತೆ. ಕಾಯಿ ಕಡಿಮೆ ಮಾಡಿ ಹುರಿಗಡಲೆ ಜಾಸ್ತಿ ಹಾಕ್ತಾನೆ. ಗಿರಾಕಿ ಏನೂ ಹೇಳಲ್ಲ, ಸುಮ್ಮನೆ ಮುಂದಿನ ಗಾಡಿಗೆ ಹೋಗ್ತಾನೆ.

[ತೆರೆ: ಲಾಲ್‌ಬಾಗ್ ರಸ್ತೆಯ ಹೋಟೆಲಿನ ಮುಂಭಾಗ.]

ಗುಣಮಟ್ಟ ಬಿಡದೆ ಇರೋದಕ್ಕೂ ಲೆಕ್ಕಕ್ಕೂ ಇರೋ ನಂಟು ನೋಡಬೇಕಾದ್ರೆ ಎಂಟಿಆರ್ ಕಥೆ ಕೇಳಿ. ಉಡುಪಿ ಕಡೆಯಿಂದ ಬಂದ ಮಯ್ಯ ಸೋದರರು ಬೆಂಗಳೂರಲ್ಲಿ 1924ರಲ್ಲಿ ಶುರುಮಾಡಿದ ಸಣ್ಣ ಹೋಟೆಲ್ ಅದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದ್ರು. ಇವತ್ತಿನ ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ತುರ್ತುಪರಿಸ್ಥಿತಿ ಕಾಲದ ಘಟನೆ. ಸರ್ಕಾರ ಹೋಟೆಲ್ ತಿಂಡಿಗಳ ದರವನ್ನ ತಾನೇ ನಿಗದಿ ಮಾಡಿ ಇಳಿಸ್ತು. ತುಪ್ಪ ಕಡಿಮೆ ಮಾಡಿ, ದೋಸೆ ಚಿಕ್ಕದು ಮಾಡಿ ಹೇಗೋ ನಡೆಸಬಹುದಿತ್ತು. ಅವರು ಅದೇ ತಿಂಡಿಯನ್ನ ಅದೇ ಗುಣಮಟ್ಟದಲ್ಲಿ ಕೊಟ್ಟು, ಆ ದಿನ ಆದ ನಷ್ಟವನ್ನ ಹೋಟೆಲ್ ಮುಂದೆ ಬೋರ್ಡಿನಲ್ಲಿ ಬರೆದು ಹಾಕಿದ್ರು. ಕೊನೆಗೆ ಹೋಟೆಲ್ ಮುಚ್ಚಬೇಕಾಯ್ತು. ಆದ್ರೂ ಕೆಲಸದವರನ್ನ ಕೈಬಿಡದೆ, ಮಿಕ್ಸ್ ಮತ್ತು ಮಸಾಲೆ ಪುಡಿಗಳ ವ್ಯಾಪಾರಕ್ಕೆ ಇಳಿದ್ರು. ಅದೇ ಮುಂದೆ ದೊಡ್ಡ ಕಂಪನಿಯಾಯ್ತು. ದಿನದ ನಷ್ಟ ಬೋರ್ಡಿನಲ್ಲಿ ಬರೀಬೇಕು ಅಂದ್ರೆ ಒಂದು ದೋಸೆಗೆ ಎಷ್ಟು ಬೀಳತ್ತೆ ಅನ್ನೋದು ಪೈಸೆ ಲೆಕ್ಕದಲ್ಲಿ ಗೊತ್ತಿರಬೇಕು. ಅವರಿಗೆ ಗೊತ್ತಿತ್ತು.

ಲೆಕ್ಕ ಗೊತ್ತಿದ್ದೋರಿಗೆ ಬಿಡೋ ಧೈರ್ಯವೂ ಬರತ್ತೆ. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತ್ 1984ರಲ್ಲಿ ಮುಂಬೈನ ಜುಹೂನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದ್ರು. ಬರೀ ಐಸ್‌ಕ್ರೀಮಿಗೆ ಜನ ಬರಲ್ಲ ಅಂತ ಜೊತೆಗೆ ಪಾವ್ ಭಾಜಿ ಇಟ್ಟಿದ್ರು. ಹಣ್ಣಿನ ಐಸ್‌ಕ್ರೀಮಿಗೆ ಜನ ಒಲಿದ ಮೇಲೆ ಪಾವ್ ಭಾಜಿ ನಿಲ್ಲಿಸಿಬಿಟ್ರು. ಮಾರಾಟ ಆಗ್ತಿರೋ ವಸ್ತುವನ್ನ ನಿಲ್ಲಿಸೋದು ಸಣ್ಣ ಮಾತಲ್ಲ.

[ತೆರೆ: ಅಂಗಡಿ ಮುಂದಿನ ಕ್ಯೂಆರ್ ಕೋಡ್.]

ಇನ್ನು ಮನೆ ದುಡ್ಡು, ಅಂಗಡಿ ದುಡ್ಡು. 2025ರ ಜುಲೈ ನೆನಪಿದೆಯಾ? ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸ್ತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಓನ್ಲಿ ಕ್ಯಾಶ್’ ಅಂತ ಚೀಟಿ ಅಂಟಿಸಿದ್ರು. ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಆಮೇಲೆ ಸರ್ಕಾರ ಹೇಳ್ತು. ನಿಯಮ ಇಷ್ಟೇ: ಸರಕು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ನೋಂದಣಿ ಆಗಬೇಕು. ಬರೀ ಸೊಪ್ಪು, ತರಕಾರಿ ಮಾರೋರಿಗೆ ಅದು ಬೇಕಿಲ್ಲ. ಆದ್ರೆ ಮಗಳ ಫೀಸಿಗೆ ತಮ್ಮ ಕಳಿಸಿದ ದುಡ್ಡು, ಚೀಟಿ ದುಡ್ಡು, ಗಿರಾಕಿ ಕೊಟ್ಟ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದಿದ್ರೆ, ಯಾವುದು ಯಾವುದು ಅಂತ ಅಧಿಕಾರಿಗೆ ತೋರಿಸೋದು ಹೇಗೆ? ನಾಳೆನೇ ಬ್ಯಾಂಕಿಗೆ ಹೋಗಿ ಅಂಗಡಿಗೆ ಬೇರೆ ಖಾತೆ ತೆಗೀರಿ. ನಿಮ್ಮ ಕೂಲಿಯನ್ನ ತಿಂಗಳಿಗೊಮ್ಮೆ ಅಲ್ಲಿಂದ ತಗೊಳ್ಳಿ. ಖರೀದಿ ಬಿಲ್ ಒಂದನ್ನೂ ಎಸೀಬೇಡಿ.

ಕೊನೇದು ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ಹಾಕಿಯೂ ಎದುರುಮನೆ ಅಕ್ಕ ಬಂದು ನಿಂತಾಗ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಬರಬೇಕಾಗೂ ಇಲ್ಲ. ಸಂಬಂಧ ಇಲ್ಲದೆ ಊರಲ್ಲಿ ಅಂಗಡಿ ನಡೆಯಲ್ಲ. ಆದ್ರೆ ತಿಂಗಳಿಗೆ ಇಷ್ಟೇ ಉದ್ರಿ ಅಂತ ಒಂದು ಗೆರೆ ಇರಲಿ, ಹಳೇದು ತೀರದೆ ಹೊಸದು ಬೇಡ. ಸಾಲ ಕೇಳೋಕೆ ಅವರಿಗಿಲ್ಲದ ಸಂಕೋಚ ವಾಪಸ್ ಕೇಳೋಕೆ ನಿಮಗೆ ಯಾಕೆ?

ಕಂಪನಿಗಳಿಗೆ ಮಾಲು ತಯಾರಿಸಿ ಕೊಡೋರ, ಸೇವೆ ಕೊಡೋರ ಪಾಡು ಇನ್ನೂ ಕಷ್ಟ. ಬಿಲ್ ಕೊಟ್ಟು ಆರು ತಿಂಗಳಾದ್ರೂ ದುಡ್ಡಿಲ್ಲ. ಅವರಿಗೆ ಕಾನೂನಿನ ಬಲ ಇದೆ. 2006ರ ಎಂಎಸ್‌ಎಂಇ, ಅಂದ್ರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಕಾಯ್ದೆ ಪ್ರಕಾರ, ‘ಉದ್ಯಮ್’ ಅನ್ನೋ ಸರ್ಕಾರಿ ನೋಂದಣಿ ಇರೋ ಸೂಕ್ಷ್ಮ, ಸಣ್ಣ ಉದ್ದಿಮೆಗೆ ಹೆಚ್ಚೆಂದ್ರೆ 45 ದಿನದೊಳಗೆ ಹಣ ಕೊಡಬೇಕು; ಬರಹದ ಒಪ್ಪಂದ ಇಲ್ಲದಿದ್ರೆ 15 ದಿನ. ತಡವಾದ್ರೆ ಚಕ್ರಬಡ್ಡಿ. ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ, ಸರ್ಕಾರದ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು. ಅದಕ್ಕೆ ಎರಡು ಸಾವಿರ ಕೇಳೋ ಏಜೆಂಟ್‌ಗೆ ಕೊಡಬೇಡಿ.

[ತೆರೆ: ಖಾಲಿ ಲೆಕ್ಕದ ಹಾಳೆ.]

ಈ ಹಾಳೆ ಕೆಳಗಿನ ಲಿಂಕಲ್ಲಿದೆ. ಒಂದು ವಾರ ಬರೆದು, ನಿಮ್ಮ ಒಂದು ಪ್ಲೇಟು, ಒಂದು ಬ್ಲೌಸು, ಒಂದು ಪಂಕ್ಚರಿಗೆ ಎಷ್ಟು ಬೀಳತ್ತೆ ಅಂತ ಕಾಮೆಂಟಲ್ಲಿ ಹಾಕಿ. ಮುಂದಿನ ವಿಡಿಯೋದಲ್ಲಿ ಅದರಲ್ಲೇ ಕೆಲವು ಲೆಕ್ಕ ತಗೊಂಡು, ಎಲ್ಲಿ ಸೋರ್ತಿದೆ ಅಂತ ಜೊತೆಗೇ ಕೂತು ನೋಡೋಣ.