ಸುಣ್ಣಕಲ್ಲಿನ ಕಾಡಿನಲ್ಲಿ ಯಾರು ಎಲ್ಲಿ ಬದುಕುತ್ತಾರೆ? ಮುಲು ಬೆಟ್ಟಗಳ ಜೀವಲೋಕ

[ದೃಶ್ಯ: ಮಳೆಯಲ್ಲಿ ತೊಯ್ದ ಚಾಮುಂಡಿ ಬೆಟ್ಟದ ಬಂಡೆಗಳು]

ನಮಸ್ಕಾರ. ನಾವು ಮೈಸೂರಿನವರು ದಿನವೂ ನೋಡುವ ಚಾಮುಂಡಿ ಬೆಟ್ಟದ ಗ್ರಾನೈಟ್ ಬಂಡೆಯ ಮೇಲೆ ಬಿದ್ದ ನೀರು ಜಾರಿ ತಗ್ಗಿಗೆ ಹರಿಯುತ್ತದೆ. ಸುಣ್ಣಕಲ್ಲಿನ ಬೆಟ್ಟದಲ್ಲಿ ಹಾಗಲ್ಲ. ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲೀಯವಾದ ಮಳೆನೀರು ಬಿರುಕುಗಳಿಗೆ ಇಳಿದು, ಲಕ್ಷಾಂತರ ವರ್ಷಗಳಲ್ಲಿ ಕಲ್ಲನ್ನೇ ಕರಗಿಸಿ, ಮೇಲೆ ಚೂಪು ಶಿಖರಗಳನ್ನೂ ಒಳಗೆ ಗುಹೆಗಳನ್ನೂ ಕೊರೆಯುತ್ತದೆ. ಇಂಥ ನೆಲವನ್ನು ಭೂವಿಜ್ಞಾನಿಗಳು ಕಾರ್ಸ್ಟ್ ಎನ್ನುತ್ತಾರೆ.

[ದೃಶ್ಯ: ಮುಲುವಿನ ಗುನುಂಗ್ ಅಪಿ ಬೆಟ್ಟದ ಕಲ್ಲಿನ ಮೊನೆಗಳು]

ಬೋರ್ನಿಯೊ ದ್ವೀಪದಲ್ಲಿ, ಮಲೇಷ್ಯಾದ ಸರವಾಕ್ ರಾಜ್ಯದಲ್ಲಿರುವ ಗುನುಂಗ್ ಮುಲು ರಾಷ್ಟ್ರೀಯ ಉದ್ಯಾನವು ಇದಕ್ಕೆ ಶ್ರೇಷ್ಠ ನಿದರ್ಶನ. 2000ದಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಯಾವ ಜೀವಿ ಎಲ್ಲಿ ನೆಲೆಸಬೇಕೆಂಬುದನ್ನು ತೀರ್ಮಾನಿಸುವುದು ಕೆಳಗಿಳಿದು ಹೋಗುವ ಆ ನೀರೇ. ವರ್ಷವಿಡೀ ಮಳೆ ಸುರಿದರೂ, ಸುಮಾರು 45 ಮೀಟರ್ ಎತ್ತರದವರೆಗೆ ನಿಂತ ಕಲ್ಲಿನ ಮೊನೆಗಳ ಸುತ್ತ ನೀರೂ ಮಣ್ಣೂ ಉಳಿಯುವುದಿಲ್ಲವಾದ್ದರಿಂದ, ಅಲ್ಲಿನ ಗಿಡಗಳು ಬರಗಾಲದಲ್ಲಿ ಬದುಕಿದಂತೆ ಬದುಕುತ್ತವೆ. ಹೂಜಿಯಂಥ ಎಲೆಗಳಲ್ಲಿ ಕೀಟಗಳನ್ನು ಹಿಡಿಯುವ ಹೂಜಿ ಗಿಡಗಳು ತಮಗೆ ಬೇಕಾದ ಸಾರಜನಕವನ್ನು ಅವುಗಳಿಂದ ಪಡೆಯುತ್ತವೆ. ಗುಹೆಯ ಬಾಯಿಯ ಮಬ್ಬು ಬೆಳಕಿನಲ್ಲಿ ಮೊನೊಫಿಲ್ಲಿಯ ಎಂಬ ಸಸ್ಯವಿದೆ. ಮೊಳಕೆಯ ಎರಡು ಬೀಜದಳಗಳಲ್ಲಿ ಒಂದು ಮಾತ್ರ ಬೆಳೆಯುತ್ತಾ ಹೋಗಿ, ಅದೊಂದೇ ಆ ಗಿಡದ ಜೀವಮಾನದ ಎಲೆಯಾಗುತ್ತದೆ. ನನಗಂತೂ ಮುಲುವಿನ ಅತಿ ದೊಡ್ಡ ವಿಸ್ಮಯ ಇದೇ.

[ದೃಶ್ಯ: ಸಂಜೆ, ಡೀರ್ ಕೇವ್‌ನಿಂದ ಹೊರಡುವ ಬಾವಲಿಗಳು]

ಒಳಗೆ ಸೂರ್ಯನ ಬೆಳಕಿಲ್ಲ, ಹಸಿರಿಲ್ಲ. ಡೀರ್ ಕೇವ್ ಗುಹೆಯಲ್ಲಿ ಮೂವತ್ತು ಲಕ್ಷದಷ್ಟು ಬಾವಲಿಗಳಿರಬಹುದೆಂದು ಅಂದಾಜಿಸಲಾಗಿದೆ. ಮಳೆಯಿಲ್ಲದ ಸಂಜೆ ಅವು ಸುರುಳಿ ಸುರುಳಿಯಾಗಿ ಹೊರಟಾಗ, ಬಾವಲಿ ಬೇಟೆಯಲ್ಲಿ ಪಳಗಿದ ಗಿಡುಗಗಳು ಹೊರಗೆ ಕಾದಿರುತ್ತವೆ. ರಾತ್ರಿಯಿಡೀ ಕಾಡಿನ ಕೀಟಗಳನ್ನು ತಿಂದು ಮರಳುವ ಬಾವಲಿಗಳ ಹಿಕ್ಕೆಯೇ ಗುಹೆಯ ನೆಲದ ಜಿರಳೆ, ಜೀರುಂಡೆಗಳಿಗೆ ಆಹಾರ. ಅವನ್ನು ತಿನ್ನಲು ಜರಿ, ಜೇಡಗಳಿವೆ. ಅಂದರೆ ಕತ್ತಲೆಯ ಆ ಲೋಕಕ್ಕೆ ಅನ್ನ ಬರುವುದು ಹೊರಗಿನ ಕಾಡಿನಿಂದ. ಆದ್ದರಿಂದ ಗುಹೆಯ ಬಾಯಿಗೆ ಬೇಲಿ ಹಾಕಿ ಕಾಪಾಡಿದರೂ, ಸುತ್ತಲಿನ ಕಾಡನ್ನು ಕಡಿದರೆ ಗುಹೆಯ ಜೀವಲೋಕ ಉಳಿಯದು.

ಕಾನೂನಿನ ರಕ್ಷಣೆಯಿಲ್ಲದ ಸುಣ್ಣಕಲ್ಲಿನ ಬೆಟ್ಟಗಳ ಪಾಡು ಬೇರೆ. ಒಂದೊಂದು ಬೆಟ್ಟವೂ ಸುತ್ತಲಿನ ನೆಲದಿಂದ ಪ್ರತ್ಯೇಕವಾಗಿರುವುದರಿಂದ ಕೆಲವು ಬಸವನಹುಳುಗಳು ಒಂದೇ ಬೆಟ್ಟದಲ್ಲಿ ಮಾತ್ರ ಇರುತ್ತವೆ. ಮಲೇಷ್ಯಾ ಪರ್ಯಾಯ ದ್ವೀಪದ ಬುಕಿತ್ ಪಂಚಿಂಗ್ ಬೆಟ್ಟವನ್ನು ಸಿಮೆಂಟಿಗಾಗಿ ಅಗೆದು ಮುಗಿಸಿದಾಗ, ಪ್ಲೆಕ್ಟೊಸ್ಟೊಮ ಸಯಾಫಿಲಮ್ ಎಂಬ ಪುಟ್ಟ ಬಸವನಹುಳು ಭೂಮಿಯಿಂದಲೇ ಅಳಿಯಿತು. ಕಾಡು ಕಡಿದ ಕಡೆ ಸಸಿ ನೆಡಬಹುದು. ಅಲ್ಲಿ ನೆಡಲು ಬೆಟ್ಟವೇ ಉಳಿದಿರಲಿಲ್ಲ.