ಬೆನ್ನು ಬಿಡದ ಬೇತಾಳ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತಾ ಉಂಟಾ? ತಗಡಿನ ಮಾಡಿನ ಮೇಲೆ ಆಟಿಯ ಮಳೆ ಬೀಳುವಾಗ ಮೈಕಿನ ಆಟ ನಡೆಯುವುದಿಲ್ಲ. ಕೇಳದಿದ್ದರೆ ಕೈ ಎತ್ತಿ, ಇನ್ನೂ ಸ್ವಲ್ಪ ಕಿರುಚುತ್ತೇನೆ.

ನಾನು ಕೋಚ್ ಅಲ್ಲ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು, ಅಂದರೆ ಎದುರಾಳಿಯನ್ನು ನೆಲದ ಮೇಲೆ ಹಿಡಿದು ಮಣಿಸುವ ಆಟ, ಕಲಿಯಲು ಶುರು ಮಾಡಿದ, ಹಗಲು ಲೆಕ್ಕಪತ್ರ ನೋಡುವ ಮನುಷ್ಯ. ಏಳು ವರ್ಷ ಆಯಿತು. ಈ ಏಳು ವರ್ಷದಲ್ಲಿ ಮಂಗಳೂರಿನ ಮಳೆಗಾಲದಲ್ಲಿ ಗಿ, ಅಂದರೆ ಆಟದ ದಪ್ಪ ಅಂಗಿ, ಒಣಗಿಸುವುದು ಹೇಗೆ ಅಂತ ಇನ್ನೂ ಕಲಿತಿಲ್ಲ. ನಿನ್ನೆ ಒಗೆದದ್ದು ಇವತ್ತೂ ಒದ್ದೆ, ನಾಳೆಯೂ ಒದ್ದೆ. ಆದರೆ ಒಂದು ವಿಷಯ ಸ್ವಲ್ಪ ಕಲಿತಿದ್ದೇನೆ. ಎದುರಾಳಿಯ ಬೆನ್ನು ಹಿಡಿಯುವುದು. ಅದರ ಬಗ್ಗೆ ಮಾತಾಡಿ ಅಂದರು, ಒಪ್ಪಿಕೊಂಡೆ.

ಇಲ್ಲಿ ಅರ್ಧ ಜನ ಮ್ಯಾಟಿನ ಮೇಲೆ ಇಳಿಯುವವರು, ಉಳಿದ ಅರ್ಧ ಅವರ ಅಪ್ಪ ಅಮ್ಮಂದಿರು. ಹಾಗಾಗಿ ಅಪ್ಪ ಅಮ್ಮಂದಿರಿಗೆ ಮೊದಲು ಎರಡು ಮಾತು. ಜಿಯು-ಜಿಟ್ಸುವಿನ ಬೇರು ಜಪಾನಿನ ಜೂಡೋದಲ್ಲಿ ಉಂಟು. ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಅನ್ನುವ ಜೂಡೋ ಶಾಲೆ ಕಟ್ಟಿದರು. ಅಲ್ಲಿ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲಿಗೆ ಹೋದರು. ಅಲ್ಲಿ ಗ್ರೇಸಿ ಮನೆತನದವರು ಆ ವಿದ್ಯೆಯನ್ನು ನೆಲದ ಕಡೆಗೆ ತಿರುಗಿಸಿದರು. 1993ರ ನವೆಂಬರಿನಲ್ಲಿ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ಅನ್ನುವ ಕಾಳಗದ ಸ್ಪರ್ಧೆ ನಡೆದಾಗ, ತೆಳ್ಳಗಿನ ರಾಯ್ಸ್ ಗ್ರೇಸಿ ಗಿ ಹಾಕಿಕೊಂಡೇ ಒಳಗೆ ಹೋಗಿ, ತನಗಿಂತ ದೊಡ್ಡವರನ್ನು ಸೋಲಿಸಿ ಗೆದ್ದರು. ಫೈನಲ್ ಮುಗಿದದ್ದು ಹೇಗೆ? ಹಿಂದಿನಿಂದ ಕತ್ತು ಹಿಡಿದು. ಚರಿತ್ರೆ ಇಷ್ಟು ಸಾಕು.

ಈಗ ನಮ್ಮ ಕುಸ್ತಿ ನೆನಪು ಮಾಡಿಕೊಳ್ಳಿ. ಅಖಾಡದಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಕುಸ್ತಿ ಮಾಡಿ ಬಂದ ಹುಡುಗರು ನೆಲಕ್ಕೆ ಬಿದ್ದ ಕೂಡಲೇ ಹೊಟ್ಟೆಯ ಮೇಲೆ ಹೊರಳುತ್ತಾರೆ. ಜಿಯು-ಜಿಟ್ಸುವಿನಲ್ಲಿ ಇದು ಪೂರಾ ಉಲ್ಟಾ. ಬೆನ್ನು ನೆಲಕ್ಕೆ ತಾಗಿದರೆ ಏನೂ ಆಗುವುದಿಲ್ಲ, ಅಲ್ಲಿಂದಲೇ ಕಾಲು ಬಳಸಿ ಆಡಬಹುದು. ಬೆನ್ನು ಎದುರಾಳಿಗೆ ಸಿಕ್ಕಿದರೆ ಮಾತ್ರ ಕಥೆ ಕಷ್ಟ. ಒಬ್ಬ ಪೈಲ್ವಾನ್ ಹುಡುಗ ನಮ್ಮಲ್ಲಿಗೆ ಬಂದಿದ್ದ. ಬಲದಲ್ಲಿ ನಾವ್ಯಾರೂ ಅವನ ಹತ್ತಿರಕ್ಕೂ ಇಲ್ಲ. ಆದರೂ ಮೊದಲ ವಾರ ಎಲ್ಲರೂ ಅವನ ಬೆನ್ನು ಹತ್ತಿದೆವು. ತಪ್ಪು ಅವನದ್ದಲ್ಲ. ಹತ್ತು ವರ್ಷ ಅವನ ಮೈ ಕಲಿತದ್ದೇ ಅದು.

ಬೆನ್ನಿನ ಮೇಲೆ ಇರುವುದು ಯಾಕೆ ಅಷ್ಟು ದೊಡ್ಡ ವಿಷಯ? ಸುಮ್ನೆ ಯೋಚನೆ ಮಾಡಿ. ನಮ್ಮ ಕಣ್ಣು ಮುಂದೆ, ಕೈ ಬಾಗುವುದು ಮುಂದೆ, ಮೊಣಕಾಲು ಏಳುವುದು ಮುಂದೆ. ಹಿಂದೆ ಇರುವವನಿಗೆ ನಮ್ಮ ಎರಡು ಕೈಯೂ ಸಿಗುತ್ತವೆ, ನಮಗೆ ಅವನ ಮುಖವೂ ಕಾಣುವುದಿಲ್ಲ. ಬೆನ್ನು ತುರಿಸಿದರೆ ನಮಗೇ ಕೈ ಎಟುಕುವುದಿಲ್ಲ, ಅಲ್ವಾ? ಐಬಿಜೆಜೆಎಫ್ ಅಂದರೆ ಈ ಆಟದ ದೊಡ್ಡ ಒಕ್ಕೂಟ, ಅದರ ನಿಯಮದಲ್ಲಿ ಎದುರಾಳಿಯನ್ನು ಕೆಡವಿದರೆ 2 ಅಂಕ, ಅವರ ಕಾಲು ದಾಟಿ ಪಕ್ಕಕ್ಕೆ ಬಂದರೆ 3, ಬೆನ್ನು ಹಿಡಿದರೆ 4. ಎದೆಯ ಮೇಲೆ ಕೂತರೂ ನಾಲ್ಕೇ. ಅದಕ್ಕಿಂತ ಜಾಸ್ತಿ ಯಾವುದಕ್ಕೂ ಇಲ್ಲ.

ಈಗ ಬೇತಾಳನ ವಿಷಯ. ‘ಬೆನ್ನು ಬಿಡದ ಬೇತಾಳ’ ಅನ್ನುತ್ತೇವೆ. ವಿಕ್ರಮನ ಕಥೆ ನಿಮಗೆಲ್ಲ ಗೊತ್ತು. ಬೇತಾಳ ವಿಕ್ರಮನ ಹೆಗಲಿಗೆ ಏರಿ ಏನು ಮಾಡಿತು? ಕತ್ತು ಹಿಸುಕಲಿಲ್ಲ. ಗುದ್ದಲಿಲ್ಲ. ಆರಾಮಾಗಿ ಕಥೆ ಹೇಳಿತು. ವಿಕ್ರಮ ಬಾಯಿ ಬಿಡುವವರೆಗೆ ಕಾದು ಕೂತಿತು. ನಾವು ಹೊಸಬರು ಬೆನ್ನು ಸಿಕ್ಕಿದ ತಕ್ಷಣ ಏನು ಮಾಡುತ್ತೇವೆ? ಕತ್ತಿಗೆ ಕೈ ಹಾಕುತ್ತೇವೆ. ಎರಡು ಸೆಕೆಂಡಿನಲ್ಲಿ ಅವನು ತಿರುಗುತ್ತಾನೆ, ನಾವು ಕೆಳಗೆ. ನಾನು ಮೊದಲ ಎರಡು ವರ್ಷ ಹೀಗೆಯೇ ಹಾಳು ಮಾಡಿದೆ. ಬೆನ್ನು ಹತ್ತುವ ಹತ್ತು ದಾರಿ ವಿಡಿಯೊ ನೋಡಿ ಬಾಯಿಪಾಠ ಮಾಡಿದ್ದೆ. ಹತ್ತಿದ ಮೇಲೆ ಕೂರಲು ಮಾತ್ರ ಗೊತ್ತಿರಲಿಲ್ಲ.

ಹಾಗಾಗಿ ನಾನು ಹೇಳುವುದು ಒಂದೇ. ಇದನ್ನು ಕೊನೆಯಿಂದ ಕಲಿಯಿರಿ. ಮೊದಲು ಕೂರಲು ಕಲಿಯಿರಿ. ಹತ್ತಲು ಆಮೇಲೆ.

ಸ್ವಲ್ಪ ಇಲ್ಲಿ ಬಾ ಮಾರಾಯ. ಹೆದರಬೇಡ, ಕೂತುಕೋ. ನೋಡಿ, ಇವನ ಹಿಂದೆ ಕೂತಿದ್ದೇನೆ. ಒಂದು ಕೈ ಇವನ ಭುಜದ ಮೇಲಿಂದ ಬಂತು, ಇನ್ನೊಂದು ಕಂಕುಳಿನ ಕೆಳಗಿಂದ. ಎರಡೂ ಎದೆಯ ಮೇಲೆ ಸೇರಿದವು. ಕಾರಿನ ಸೀಟ್ ಬೆಲ್ಟ್ ಹಾಗೆಯೇ ಓರೆಯಾಗಿ ಕಾಣುತ್ತದೆ, ಅದಕ್ಕೆ ಹೆಸರೂ ಅದೇ. ಕಂಕುಳಿನ ಕೈ ಮೇಲಿನ ಕೈಯನ್ನು ಮುಚ್ಚಿಕೊಂಡಿದೆ ನೋಡಿ. ಮೇಲಿನ ಕೈಯೇ ನಾಳೆ ಕತ್ತಿಗೆ ಹೋಗುವ ಕೈ. ಅದನ್ನು ಇವನು ಹಿಡಿಯಬಾರದು, ಅದಕ್ಕೆ ಮುಚ್ಚಿಟ್ಟದ್ದು. ನನ್ನ ಎದೆ ಇವನ ಬೆನ್ನಿಗೆ ಅಂಟಿದೆ. ಕೆನ್ನೆ ಇವನ ಕಿವಿಗೆ. ಎರಡು ಹಿಮ್ಮಡಿ ತೊಡೆಯ ಒಳಗೆ, ಇವಕ್ಕೆ ಹುಕ್ ಅಂತಾರೆ.

ಇದರಲ್ಲಿ ಯಾವುದು ಮುಖ್ಯ ಅಂತ ಕೇಳಿದರೆ ಎಲ್ಲರೂ ಹುಕ್ ಅನ್ನುತ್ತಾರೆ. ಅಂಕ ಸಿಗುವುದು ಅದಕ್ಕೇ ತಾನೇ. ನನ್ನ ಅನುಭವದಲ್ಲಿ ಎದೆ ಮುಖ್ಯ. ಒಂದು ಹುಕ್ ಜಾರಿದರೂ ಎದೆ ಅಂಟಿದ್ದರೆ ಮತ್ತೆ ಹಾಕಬಹುದು. ಎದೆಗೂ ಬೆನ್ನಿಗೂ ನಡುವೆ ಒಂದು ಗೇಣು ಜಾಗ ಬಂತೋ, ಎರಡು ಹುಕ್ ಇದ್ದರೂ ಅವನು ಒಳಗೇ ತಿರುಗಿಬಿಡುತ್ತಾನೆ. ಅಡಿಕೆ ಮರ ಹತ್ತುವವರನ್ನು ನೋಡಿದ್ದೀರಲ್ಲ. ಕಾಲಿಗೆ ಹಗ್ಗದ ಬಳೆ ಉಂಟು, ಸರಿ. ಆದರೆ ಮಳೆಗಾಲದಲ್ಲಿ ಜಾರುವ ಮರದಲ್ಲಿ ಮದ್ದು ಬಿಡಲು ಹೋದವರು ಮರಕ್ಕೆ ಎದೆ ಕೊಟ್ಟೇ ಇರುತ್ತಾರೆ. ವ್ಯತ್ಯಾಸ ಇಷ್ಟೇ, ಅಡಿಕೆ ಮರ ನಮ್ಮನ್ನು ಬೀಳಿಸಲು ನೋಡುವುದಿಲ್ಲ.

ಇದನ್ನು ನನಗೆ ಸರಿಯಾಗಿ ಕಲಿಸಿದ್ದು ನನ್ನ ಮಗಳು. ಅವಳಿಗೆ ಆಗ ನಾಲ್ಕು ವರ್ಷ. ದಿನಾ ಸಂಜೆ ಉಪ್ಪುಮೂಟೆ ಆಗಬೇಕು. ನಾನು ಬಗ್ಗಿದರೆ ತಲೆಯ ಮೇಲಿಂದ ಮುಂದಕ್ಕೆ ಜಾರುತ್ತಾಳೆ ಅಂತ ಆಟಕ್ಕೆ ಬಗ್ಗಿ ನೋಡಿದೆ. ಮೊದಲ ದಿನ ಜಾರಿದಳು. ಎರಡನೇ ದಿನ ನಾನು ಬಗ್ಗುವ ಮೊದಲೇ ಸೊಂಟವನ್ನು ಕೆಳಗೆ ಇಳಿಸಿ, ಕೆನ್ನೆಯನ್ನು ನನ್ನ ಹೆಗಲಿಗೆ ಒತ್ತಿ ಅಂಟಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ನಮ್ಮಮ್ಮ ಬಾಗಿಲಲ್ಲಿ ನಿಂತು, ‘ಎಂತ ಮಾರಾಯ, ದುಡ್ಡು ಕೊಟ್ಟು ಕ್ಲಾಸಿಗೆ ಹೋಗುವುದೂ ಇದೇ ಆಟಕ್ಕಾ?’ ಅಂದರು. ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ.

ಇನ್ನು ಕಾಲಿನ ವಿಷಯ. ಎರಡು ಪಾದವನ್ನು ಮುಂದೆ ಒಂದರ ಮೇಲೊಂದು ಹಾಕಿ ಬಿಗಿಯಬೇಡಿ. ಗಟ್ಟಿ ಅನ್ನಿಸುತ್ತದೆ, ನಿಜ. ಆದರೆ ಕೆಳಗಿನವನು ತನ್ನ ಕಾಲನ್ನು ನಿಮ್ಮ ಪಾದದ ಮೇಲೆ ಹಾಕಿ ಸೊಂಟ ಎತ್ತಿದರೆ ನಿಮ್ಮ ಗೆಣ್ಣು ಹೋಯಿತು. ಬೆನ್ನ ಮೇಲೆ ಕೂತು ನೀವೇ ಟ್ಯಾಪ್ ಮಾಡಬೇಕಾಗುತ್ತದೆ, ಅಂದರೆ ಕೈ ತಟ್ಟಿ ಸೋಲೊಪ್ಪಬೇಕಾಗುತ್ತದೆ. ನನಗೆ ಒಮ್ಮೆ ಆಗಿದೆ, ಒಂದು ವಾರ ಮೆಟ್ಟಿಲು ಹತ್ತುವಾಗ ನೆನಪಾಗುತ್ತಿತ್ತು. ಕಾಲುಗಳನ್ನು ತ್ರಿಕೋನದ ಹಾಗೆ ಹೊಟ್ಟೆಗೆ ಸುತ್ತಿ ಬಿಗಿಯುವ ಇನ್ನೊಂದು ಹಿಡಿತ ಉಂಟು, ಬಾಡಿ ಟ್ರಯಾಂಗಲ್. ಉದ್ದ ಕಾಲಿನವರಿಗೆ ತುಂಬಾ ಒಳ್ಳೆಯದು, ಆದರೆ ನಾನು ಸ್ಪರ್ಧೆಗೆ ಇಳಿದಾಗ ಐಬಿಜೆಜೆಎಫ್ ನಿಯಮದಲ್ಲಿ ಅದಕ್ಕೆ ಬೆನ್ನಿನ ಅಂಕ ಇರಲಿಲ್ಲ. ನಾನು ಮೊದಲ ಸ್ಪರ್ಧೆಯಲ್ಲಿ ಆ ಹಿಡಿತದಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಕೂತಿದ್ದೆ. ಮನಸ್ಸಿನಲ್ಲೇ ನಾಲ್ಕು ಅಂಕ ಎಣಿಸಿಕೊಂಡು ಖುಷಿಯಲ್ಲಿದ್ದೆ. ಬೋರ್ಡಿನಲ್ಲಿ ಸೊನ್ನೆ. ಎರಡು ಅಂಕದಲ್ಲಿ ಸೋತು ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮೊಬೈಲಿನಲ್ಲಿ ನಿಯಮದ ಪುಸ್ತಕ ಓದಿದೆ. ಹೋಗುವಾಗ ಓದಬೇಕಿತ್ತು.

ಈಗ ಅಭ್ಯಾಸ ಹೇಗೆ? ನಮ್ಮಲ್ಲಿ ಮಾಡುವುದು ಹೀಗೆ. ಇಬ್ಬರೂ ಈ ಭಂಗಿಯಿಂದಲೇ ಶುರು ಮಾಡುತ್ತಾರೆ. ಎರಡು ನಿಮಿಷ. ಹಿಂದಿನವನಿಗೆ ಕತ್ತು ಹಿಡಿಯಲು ಅನುಮತಿ ಇಲ್ಲ, ಕೂತಿರಬೇಕು ಅಷ್ಟೇ. ಮುಂದಿನವನು ತಪ್ಪಿಸಿಕೊಳ್ಳಬೇಕು. ಆಮೇಲೆ ಜಾಗ ಬದಲು. ಮೊದಲ ದಿನ ಯಾರೂ ಇಪ್ಪತ್ತು ಸೆಕೆಂಡ್ ನಿಲ್ಲುವುದಿಲ್ಲ, ಬೇಸರ ಮಾಡಬೇಡಿ.

ಈ ಆಟ ಆಡಿದರೆ ಒಂದು ಗುಟ್ಟು ತಾನಾಗಿ ಸಿಗುತ್ತದೆ. ತಪ್ಪಿಸಿಕೊಳ್ಳುವವನಿಗೆ ಬೇಕಾದದ್ದು ನೆಲ. ಅವನು ತನ್ನ ಭುಜ, ಸೊಂಟ ಎರಡನ್ನೂ ನೆಲಕ್ಕೆ ತಾಗಿಸಿ ನಿಮ್ಮ ಎದೆಯನ್ನು ಕೀಳಲು ನೋಡುತ್ತಾನೆ. ಯಾವ ಕಡೆಗೆ ಬೀಳುತ್ತೀರಿ ಅನ್ನುವುದೂ ಲೆಕ್ಕ. ಭುಜದ ಮೇಲಿನ ಕೈ ಇರುವ ಕಡೆಗೆ ಮಗುಚಿದರೆ ನಿಮಗೆ ಅನುಕೂಲ. ಕಂಕುಳಿನ ಕೈಯ ಕಡೆಗೆ ಮಗುಚಿದರೆ ಅವನಿಗೆ ಅನುಕೂಲ, ಅವನು ಹೋಗಲು ನೋಡುವುದೂ ಅಲ್ಲಿಗೇ. ಅವನ ಸೊಂಟ ಜಾರಿ ಹೋಯಿತು, ಇನ್ನು ಹಿಡಿಯಲು ಆಗುವುದಿಲ್ಲ ಅನ್ನಿಸಿತಾ? ಹಟ ಬೇಡ. ಮೇಲಿನ ಕಾಲು ದಾಟಿಸಿ ಎದೆಯ ಮೇಲೆ ಬಂದು ಕೂರಿ. ಕಂಬಳದಲ್ಲಿ ಕೋಣದ ಹಿಂದೆ ಓಡುವವನು ಕೋಣವನ್ನು ನಿಲ್ಲಿಸಲು ಹೋಗುತ್ತಾನಾ?

ಕೂರಲು ಬಂದ ಮೇಲೆ ಹತ್ತುವ ದಾರಿಗಳು. ಇಲ್ಲಿ ನನ್ನ ಮಾತು ಕಮ್ಮಿ, ಯಾಕೆಂದರೆ ಹೆಚ್ಚಿನ ಸಲ ಬೆನ್ನನ್ನು ನಾವು ಕಿತ್ತುಕೊಳ್ಳುವುದಿಲ್ಲ, ಅವರೇ ಕೊಡುತ್ತಾರೆ. ಬೇರೆ ಏನನ್ನೋ ತಪ್ಪಿಸಲು ಹೋಗಿ ಕೊಡುತ್ತಾರೆ. ಎದೆಯ ಮೇಲೆ ಕೂತ ಭಾರ ತಡೆಯದೆ ಹೊಟ್ಟೆಯ ಮೇಲೆ ಹೊರಳುತ್ತಾರೆ. ಆಗ ನಾವು ಅವರನ್ನು ಬಿಗಿಯಾಗಿ ಅದುಮಿದರೆ ಅವರು ತಿರುಗುವುದೇ ಇಲ್ಲ. ಸೊಂಟ ಸ್ವಲ್ಪ ಎತ್ತಿ ಜಾಗ ಕೊಡಬೇಕು. ತಿರುಗಲಿ. ತಿರುಗುವಾಗಲೇ ಸೀಟ್ ಬೆಲ್ಟ್ ಹಾಕಬೇಕು.

ಆಮೆಯ ಹಾಗೆ ಕೈಕಾಲು ಒಳಗೆ ಎಳೆದು ಕೂತವರ ಮೇಲೆ ಹೊಸಬರು ಕುದುರೆ ಏರಿದ ಹಾಗೆ ಹಾರಿ ಎರಡೂ ಹುಕ್ ಒಟ್ಟಿಗೆ ಹಾಕಲು ನೋಡುತ್ತಾರೆ. ಆಮೆ ತಲೆ ತಗ್ಗಿಸುತ್ತದೆ, ಇವರು ಮುಂದಕ್ಕೆ ಉರುಳುತ್ತಾರೆ. ನನ್ನ ಮಗಳ ಮೊದಲ ದಿನದ ಹಾಗೆ. ನನಗೆ ಹಿಡಿಸಿದ್ದು ಕುರ್ಚಿಯ ದಾರಿ. ಮೊದಲು ಸೀಟ್ ಬೆಲ್ಟ್. ಆಮೇಲೆ ಅವರ ಪಕ್ಕದಲ್ಲಿ ನೆಲಕ್ಕೆ ಕೂತು, ಒಂದು ಹುಕ್ ಹಾಕಿ, ಅವರನ್ನು ನನ್ನ ಮಡಿಲಿಗೆ ಎಳೆದುಕೊಳ್ಳುವುದು. ಅವರು ನನ್ನ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ ಕೂತಾಗ ಎರಡನೇ ಹುಕ್ಕಿಗೆ ಜಾಗ ತಾನಾಗಿ ತೆರೆಯುತ್ತದೆ.

ಎದುರಿನಿಂದಲೇ ಹಿಂದಕ್ಕೆ ಹೋಗುವ ದಾರಿ ಬೇಕಾದರೆ ಆರ್ಮ್ ಡ್ರ್ಯಾಗ್. ಅವರ ಒಂದು ತೋಳನ್ನು ಅವರದೇ ಎದೆಗೆ ಅಡ್ಡ ಎಳೆದು ನಾವು ಆ ಬದಿಯಿಂದ ಹಿಂದೆ ನುಗ್ಗುವುದು. ಇದನ್ನು ನೋಡಬೇಕಿದ್ದರೆ ಮಾರ್ಸೆಲೊ ಗಾರ್ಸಿಯಾ ಆಡಿದ ಪಂದ್ಯಗಳನ್ನು ಹುಡುಕಿ. 2003ರಲ್ಲಿ ಸಾವೊ ಪಾವ್ಲೊದಲ್ಲಿ ನಡೆದ ಎಡಿಸಿಸಿ ಅನ್ನುವ ದೊಡ್ಡ ಟೂರ್ನಿಯಲ್ಲಿ ವಿಟರ್ ಶಾವೊಲಿನ್ ರಿಬೇರೊ ಅವರ ಬೆನ್ನು ಹಿಡಿದು ಅರ್ಧ ನಿಮಿಷದೊಳಗೆ ಮುಗಿಸಿದರು. 77 ಕೆಜಿಯೊಳಗಿನ ಮನುಷ್ಯ, ಆ ಟೂರ್ನಿಯಲ್ಲಿ ನಾಲ್ಕು ಸಲ ಚಿನ್ನ ಗೆದ್ದರು. ಸರಳ ದಾರಿಯನ್ನೇ ಸಾವಿರ ಸಲ ತುಳಿದವರು. ಇನ್ನು ಬೆರಿಂಬೊಲೊ. ಮೆಂಡೆಸ್ ಅಣ್ಣತಮ್ಮಂದಿರು ಜನಪ್ರಿಯ ಮಾಡಿದ, ತಲೆಕೆಳಗಾಗಿ ಉರುಳಿ ಬೆನ್ನಿಗೆ ಹೋಗುವ ಆಟ. ನೋಡಲು ಗಮ್ಮತ್ತು. ಮೊದಲ ತಿಂಗಳಲ್ಲೇ ಅದನ್ನು ಮಾಡಲು ಹೋಗಿ ಕತ್ತು ಉಳುಕಿಸಿಕೊಂಡ ಹುಡುಗರು ಇಲ್ಲೇ ಎರಡನೇ ಸಾಲಿನಲ್ಲಿ ಇದ್ದಾರೆ. ಹೆಸರು ಹೇಳುವುದಿಲ್ಲ.

ಕೊನೆಗೆ ಕತ್ತು. ಅಪ್ಪ ಅಮ್ಮಂದಿರು ಕಾಯುತ್ತಿದ್ದದ್ದು ಇದಕ್ಕೇ ಅಂತ ಗೊತ್ತು. ಪೋರ್ಚುಗೀಸಿನಲ್ಲಿ ಈ ಪಟ್ಟಿಗೆ ‘ಮಾತಾ ಲೆಯಾವ್ಂ’ ಅಂತಾರೆ, ಸಿಂಹ ಕೊಲ್ಲುವ ಪಟ್ಟು. ನಮ್ಮೂರಲ್ಲಿ ಹುಟ್ಟಿದ್ದರೆ ಪಿಲಿಯ, ಅಂದರೆ ಹುಲಿಯ ಹೆಸರೇ ಇಡುತ್ತಿದ್ದರು. ಸರಿಯಾಗಿ ಹಾಕಿದರೆ ಮೊಣಕೈಯ ಮಡಿಕೆ ಗಂಟಲಿನ ಮುಂದೆ ಬರುತ್ತದೆ, ಗಂಟಲು ಜಜ್ಜುವುದಿಲ್ಲ. ಒತ್ತುವುದು ಎರಡು ಬದಿಯ ರಕ್ತನಾಳ. ಮಿದುಳಿಗೆ ರಕ್ತ ಕಮ್ಮಿಯಾಗಿ ಹತ್ತು ಸೆಕೆಂಡಿನೊಳಗೇ ಪ್ರಜ್ಞೆ ಹೋಗಬಹುದು. ಅದಕ್ಕೇ ಟ್ಯಾಪ್ ಇರುವುದು. ಎರಡು ಸಲ ತಟ್ಟಿದರೆ ಆ ಕ್ಷಣ ಬಿಡಬೇಕು, ವಾದ ಇಲ್ಲ. ಟ್ಯಾಪ್ ಮಾಡಲು ನಾಚಿಕೆ ಪಡುವವರ ಜೊತೆ, ಟ್ಯಾಪ್ ಆದರೂ ಒಂದು ಗಳಿಗೆ ಜಾಸ್ತಿ ಹಿಡಿಯುವವರ ಜೊತೆ, ಇಬ್ಬರ ಜೊತೆಯೂ ನಾನು ರೋಲ್ ಮಾಡುವುದಿಲ್ಲ, ಅಂದರೆ ಅಭ್ಯಾಸದ ಪಂದ್ಯ ಆಡುವುದಿಲ್ಲ. ಮಕ್ಕಳೇ, ಇದನ್ನು ಮನೆಯಲ್ಲಿ ತಮ್ಮನ ಮೇಲೆ, ಶಾಲೆಯಲ್ಲಿ ಗೆಳೆಯನ ಮೇಲೆ ಪ್ರಯೋಗ ಮಾಡಬಾರದು. ತಮಾಷೆಗೂ ಬೇಡ. ಮ್ಯಾಟ್ ಮೇಲೆ, ದೊಡ್ಡವರು ನೋಡುತ್ತಿರುವಾಗ ಮಾತ್ರ.

ಮಳೆ ಸ್ವಲ್ಪ ನಿಂತಿತು. ಪ್ರಶ್ನೆ ಇದ್ದವರು ಇಟ್ಟುಕೊಳ್ಳಿ, ಚಹಾದ ಹೊತ್ತಿಗೆ ಕೇಳಿ. ಈಗ ಚಪ್ಪಲಿ ಹೊರಗೆ ಬಿಟ್ಟು, ಉಗುರು ಉದ್ದ ಇದ್ದರೆ ಕತ್ತರಿಸಿ, ಇಬ್ಬಿಬ್ಬರಾಗಿ ಮ್ಯಾಟಿಗೆ ಬನ್ನಿ. ಅಪ್ಪಂದಿರೂ ಬರಬಹುದು. ಒಬ್ಬರು ಮುಂದೆ ಕೂರಿ, ಒಬ್ಬರು ಹಿಂದೆ. ಸೀಟ್ ಬೆಲ್ಟ್ ಹಾಕಿ. ಕತ್ತಿಗೆ ಕೈ ಇಲ್ಲ, ನೆನಪಿರಲಿ. ಎರಡು ನಿಮಿಷ. ಗಡಿಯಾರ ನಾನು ನೋಡುತ್ತೇನೆ.