ತಪ್ಪು ಸೀಟಿಂದಲ್ಲೋ ದೋಸ್ತ, ಫುಟ್‌ರೆಸ್ಟಿಂದು

ನಮಸ್ಕಾರ್ರಿ ಎಲ್ಲಾರಿಗೂ. ಈಗ ನೋಡಾಕತ್ತೀರಲ್ಲ, ಇದು ಅಣ್ಣಿಗೇರಿ ದಾಟಿ ಗದಗ ಕಡೆ ಹೋಗೋ ರಸ್ತಾ, ಎರಡೂ ಬಾಜು ಎರಿ ಹೊಲ, ಹ್ವಾದ ಮಳಿಗಾಲದ ವಿಡಿಯೋ. ಹುಬ್ಬಳ್ಳಿ ಬಿಟ್ಟು ಇನ್ನೂ ಅರವತ್ತ ಕಿಲೋಮೀಟರ್ ಸುದ್ದಾ ಆಗಿಲ್ಲ, ಅಷ್ಟ್ರಾಗ ನಾ ಬಲಗಾಲ ತಗದು ಗಾಳ್ಯಾಗ ಚಾಚಾಕತ್ತೇನಿ ನೋಡ್ರಿ. ಸ್ಟೈಲ್ ಅಲ್ರಿ ಅದು, ಮಣಕಾಲ ಹಿಡದಿತ್ತು.

ಗಾಡಿ ರಾಯಲ್ ಎನ್‌ಫೀಲ್ಡ್‌ದ 411 ಸಿಸಿ ಹಿಮಾಲಯನ್ ಬೈಕ್, ಸೀಟಿನ ಎತ್ತರ 800 ಮಿಲಿಮೀಟರ್, ನಾನು ಆರಡಿ ಮ್ಯಾಲೆ ಒಂದಿಂಚು. ಅಂದ್ರ ಗಾಡಿದೇನೂ ತಪ್ಪಿಲ್ಲ, ನಮ್ಮವ್ವ ನನ್ನ ಉದ್ದ ಹಡದಾಳ ಅಷ್ಟ. ಆದ್ರ ನಾ ಏನ ಮಾಡಿದೆ, ಸೀಟಿಂದ ತ್ರಾಸು ಅಂತ ತಿಳಕೊಂಡು ಜೆಲ್ ಪ್ಯಾಡ್ ತಂದೆ, ಆಮ್ಯಾಲೆ ಸೀಟಿನ ಫೋಮ್ ಬದಲಿ ಮಾಡಿಸಿದೆ, ಕುಂಡಿಗೆ ಆರಾಮಾತು, ಮಣಕಾಲ ಇದ್ದಂಗ ಇತ್ತು.

ಖರೇ ಕಾರಣ ಗೊತ್ತಾಗಿದ್ದು ಒಂದು ಕೌದಿಯಿಂದ. ನಗಬ್ಯಾಡ್ರಿ. ಮನ್ಯಾಗಿನ ಹಳೇ ಕೌದಿ ಗಟ್ಟಿಯಾಗಿ ಮಡಚಿ ಸೀಟಿನ ಮ್ಯಾಲೆ ಹಗ್ಗ ಬಿಗದು ಧಾರವಾಡಕ್ಕ ಹೋಗಿ ಬಂದೆ, ಹೋಗಿ ಬರೋದು ನಲವತ್ತ ಕಿಲೋಮೀಟರ್, ಉಣಕಲ್ ಕೆರಿ ಹತ್ರ ಸಿಗ್ನಲ್‌ನ್ಯಾಗ ಮಂದಿ ಎಲ್ಲಾ ನೋಡಾಕತ್ತಿದ್ರು. ಆದ್ರ ಮಣಕಾಲ ಸಪ್ಪಳಿಲ್ಲ! ಯಾಕಂದ್ರ ಸೀಟಿಗೂ ಫುಟ್‌ರೆಸ್ಟಿಗೂ, ಅಂದ್ರ ಕಾಲಿಡೋ ಗೂಟಕ್ಕೂ, ನಡುವ ಒಂದಿಂಚು ಅಂತರ ಜಾಸ್ತಿ ಆತು, ಮಣಕಾಲ ಅಷ್ಟು ಬಿಚ್ಚಿಕೊಂತು. ಹಂಗಾರ ಸೀಟ್ ಏರಿಸೋ ಬದ್ಲಿ ಫುಟ್‌ರೆಸ್ಟ್ ಇಳಿಸಿದ್ರೂ ಅದ ಲೆಕ್ಕ, ಮ್ಯಾಲೆ ನೆಲಕ್ಕ ಕಾಲ ಹಚ್ಚೋದೂ ಸಸಾರ. ನೀವೂ ರೊಕ್ಕಾ ಹಾಕೋಕಿಂತ ಮೊದಲ ಈ ಕೌದಿ ಟೆಸ್ಟ್ ಮಾಡ್ರಿ, ಫ್ರೀ ಐತಿ.

ಆಮ್ಯಾಲೆ ನನ್ನ ಎರಡನೇ ದಡ್ಡತನ. ಆನ್‌ಲೈನ್‌ನ್ಯಾಗ ಯುನಿವರ್ಸಲ್, ಅಂದ್ರ ಎಲ್ಲಾ ಗಾಡಿಗೂ ಕೂಡತೈತಿ, ಅಂತ ಬರದಿದ್ದ ಫುಟ್‌ರೆಸ್ಟ್ ಜೋಡಿ ಒಂದು ತರಿಸಿದೆ, ಬಂಗಾರ ಕಲರ್. ಪಿನ್ನಿನ ತೂತು ಒಂದು ಅಳತಿ, ಬ್ರ್ಯಾಕೆಟ್ಟಿನ ಸಂದಿ ಇನ್ನೊಂದು ಅಳತಿ, ಸ್ಪ್ರಿಂಗ್ ಕೂಡವಲ್ದು. ನಮ್ಮ ಮೆಕ್ಯಾನಿಕ್ ಕಾಕಾ ಕೈಯಾಗ ಹಿಡದು ತಿರುವ್ಯಾಡಿಸಿ ನೋಡಿ, "ಗ್ರೈಂಡ್ ಮಾಡಿ ಕೂಡಸ್ಬೋದು ತಮ್ಮಾ, ಆದ್ರ ನೀ ತೆಗ್ಗ ಬಂದಾಗ ಎದ್ದು ನಿಂತಿ ಅಂದ್ರ ನಿನ್ನ ಪೂರಾ ಭಾರ ಈ ಬೆರಳಷ್ಟಿಲ್ಲದ ಪಿನ್ನಿನ ಮ್ಯಾಲೆ ಬೀಳತೈತಿ, ನೋಡು" ಅಂದ್ರು. ನೋಡಿದೆ. ವಾಪಸ್ ಕಳಿಸಿದೆ. ನಿಮ್ಮ ಗಾಡಿ ಮಾಡೆಲ್ಲಿಗೇ ಅಂತ ಮಾಡಿದ್ದನ್ನ ತಗೋರಿ, ಇಲ್ಲಾಂದ್ರ ಹಳೇದನ್ನ ಬಿಚ್ಚಿ ಪಿನ್ನಿನ ದಪ್ಪ, ಬ್ರ್ಯಾಕೆಟ್ಟಿನ ಸಂದ್ಯಾಗ ಕೂಡೋ ನಾಲಗಿ ಅಗಲ ಎರಡೂ ವರ್ನಿಯರ್ ಅಳತಿ ಸಾಧನದಾಗ ಅಳದು ಆರ್ಡರ್ ಮಾಡ್ರಿ.

ಇನ್ನ ಫುಟ್‌ರೆಸ್ಟ್ ರಬ್ಬರ್ ಹೊದಿಕಿಂದು ಬೇಕೋ, ಗರಗಸದಂಗ ಹಲ್ಲಿರೋ ಲೋಹದ್ದು ಬೇಕೋ, ಇದು ಭಾಳ ಜಗಳದ ವಿಷಯ. ಬರೇ ಹೈವೇ, ಅಂದ್ರ ಹುಬ್ಬಳ್ಳಿ ಹಾವೇರಿ ರಾಣೆಬೆನ್ನೂರು ಹಿಂಗ ರಾಷ್ಟ್ರೀಯ ಹೆದ್ದಾರಿ 48ರ ಮ್ಯಾಲೆ ಸೀದಾ ಹೋಗೋರಿದ್ರ ರಬ್ಬರ್ ಚೊಲೋ, ಇಂಜಿನ್ನಿನ ನಡುಕ ಅಂಗಾಲಿಗೆ ಬರೋದನ್ನ ಅದು ನುಂಗತೈತಿ. ಆದ್ರ ಇಲ್ಲಿ ಎರಿ ಮಣ್ಣು ಐತಲ್ರಿ, ಮಳ್ಯಾಗ ಒಂದ ಸಲ ಹೊಲದ ದಾರಿಗೆ ಇಳದು ಬೂಟಿಗೆ ಹತ್ತಿತು ಅಂದ್ರ ರಬ್ಬರ್ ಮ್ಯಾಲೆ ಕಾಲು ಸಬಕಾರದ ಮ್ಯಾಲೆ ಇಟ್ಟಂಗ. ಆವಾಗ ಹಲ್ಲಿಂದ ಬೇಕು, ಅದೂ ನಡುವ ಖಾಲಿ ಇರೋ ಚೌಕಟ್ಟಿಂದು, ಮಣ್ಣು ಕೆಳಗ ಉದುರಿ ಹೋಗ್ತೈತಿ, ಇಲ್ಲಾಂದ್ರ ಹಲ್ಲೆಲ್ಲಾ ತುಂಬಿ ಮೆತ್ತಗಾಗಿ ಕೂತಬಿಡತೈತಿ. ಹಲ್ಲು ಬೂಟಿನ ಅಟ್ಟಿ ತಿಂತೈತಿ, ಅದೂ ಖರೇ. ನಾ ತಗೊಂಡಿದ್ದು ಹಲ್ಲಿಂದ, ಮ್ಯಾಲೆ ರಬ್ಬರ್ ಹಾಕಿ ತಗಿಯೋಕ ಬರತೈತಿ, 25 ಮಿಲಿಮೀಟರ್ ಕೆಳಗ, ಹಳೇದಕ್ಕಿಂತ ಅಗಲ. ಅಗಲ ಇದ್ದಷ್ಟೂ ಭಾರ ಅಂಗಾಲಿನ ತುಂಬ ಹಂಚಿಹೋಗತೈತಿ, ಒಂದ ಗೆರಿ ಮ್ಯಾಲೆ ಒತ್ತೂದಿಲ್ಲ.

ಇಳಿಸಿದ ಮ್ಯಾಲೆ ಮುಗಿತು ಅನಕೊಂಡ್ರಿ? ನಾನೂ ಹಂಗ ಅನಕೊಂಡಿದ್ದೆ. ಫುಟ್‌ರೆಸ್ಟ್ ಕೆಳಗ ಹೋತು, ಬ್ರೇಕ್ ಪೆಡಲ್ ಅಲ್ಲೇ ಉಳೀತು, ಈಗ ಬ್ರೇಕ್ ಹಾಕಬೇಕಂದ್ರ ಪ್ರತಿ ಸಲ ಪಾದ ಪೂರಾ ಮ್ಯಾಲೆತ್ತಬೇಕು, ಆ ಗಡಿಬಿಡ್ಯಾಗ ಅರ್ಧಾ ಸೆಕೆಂಡ್ ಹೋಗತೈತಿ. ಸಾಕಾಗಿ ಪಾದಾನ ಪೆಡಲ್ ಮ್ಯಾಲೇ ಇಟಗೊಂಡ್ರ ಬ್ರೇಕ್ ಹಿಡಕೊಂಡ ಹೋಗತೈತಿ, ಡಿಸ್ಕ್ ಕಾಯತೈತಿ. ಅದಕ್ಕ ಪೆಡಲ್ಲೂ ಕೆಳಗ ಇಳಿಸಬೇಕು, ಸ್ವಲ್ಪ ಫ್ರೀ ಪ್ಲೇ, ಅಂದ್ರ ಬ್ರೇಕ್ ಹಿಡಿಯೋಕಿಂತ ಮೊದಲ ಪೆಡಲ್ ಸಡಿಲಾಗಿ ಆಡೋ ಜಾಗ, ಬಿಡಬೇಕು, ಜೊತಿಗೆ ಬ್ರೇಕ್ ಲೈಟಿನ ಸ್ವಿಚ್ ಚೆಕ್ ಮಾಡಬೇಕು, ಇಲ್ಲಾಂದ್ರ ಲೈಟ್ ಹತಗೊಂಡ ಇರತೈತಿ ಇಲ್ಲಾ ಹತ್ತೋದ ಇಲ್ಲ. ಗೇರ್ ಲಿವರ್‌ದೂ ಅದ ಕಥಿ, ಶಾಫ್ಟಿನ ಮ್ಯಾಲೆ ಒಂದ ಹಲ್ಲು ತಿರುಗಿಸಿ ಕೂಡಸೂದು, ಕೆಲವು ಗಾಡಿಗೆ ನಡುವ ರಾಡ್ ಇರತೈತಿ ಅದನ್ನ ಸಣ್ಣದು ದೊಡ್ಡದು ಮಾಡೂದು. ಮತ್ತ ಫುಟ್‌ರೆಸ್ಟಿನ ಪಿನ್ನು ಜಾರದಂಗ ತುದಿ ಮಡಚಿ ಹಾಕಿರೋ ಹಳೇ ಸ್ಪ್ಲಿಟ್ ಪಿನ್ನನ್ನ ನೆಟ್ಟಗ ಮಾಡಿ ತಿರುಗಿ ಹಾಕಬ್ಯಾಡ್ರಿ, ಹೊಸಾದು ಹಾಕ್ರಿ, ಎಷ್ಟರೆ ರೊಕ್ಕ ಅದಕ್ಕ.

ಎಲ್ಲಾ ಗಾಡಿಗೂ ಇಳಿಸ್ರಿ ಅಂತ ನಾ ಹೇಳೂದಿಲ್ಲ. ನನ್ನ ಹಿಮಾಲಯನ್‌ಗೆ ಗ್ರೌಂಡ್ ಕ್ಲಿಯರೆನ್ಸ್, ಅಂದ್ರ ನೆಲಕ್ಕೂ ಗಾಡಿ ಹೊಟ್ಟಿಗೂ ನಡುವಿನ ಅಂತರ, 220 ಮಿಲಿಮೀಟರ್ ಐತಿ, ನಡೀತೈತಿ. ನನ್ನ ದೋಸ್ತ ತನ್ನ ಕುಳ್ಳ ಗಾಡಿಗೂ ಇಂಥವ ಹಾಕಿಸ್ಯಾನ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೋವಾಗ ಎಡಕ್ಕ ವಾಲಿಸ್ದಾಗೊಮ್ಮೆ ಕರ್ರ್ ಅಂತ ಸಪ್ಪಳ, ಹಿಂದ ಇದ್ದ ನನಗ ಕಿಡಿ ಕಾಣಾಕತ್ತಿದ್ವು. ಫುಟ್‌ರೆಸ್ಟಿನ ತುದ್ಯಾಗ ಕೆಳಗ ಒಂದು ಬೋಲ್ಟ್ ಇರತೈತಲ್ಲ, ಅದ ಮೊದಲ ರಸ್ತಾ ಮುಟ್ಟಿ ಸಾಕು ಅಂತ ಹೇಳೂದು, ಮ್ಯಾಲೆ ಫುಟ್‌ರೆಸ್ಟ್ ಮಡಚಿಕೊಂತು, ಬಚಾವಾದ. ಅಂಕೋಲಾ ಮುಟ್ಟಿ ನೋಡಿದ್ರ ಆ ಬೋಲ್ಟಿನ ಅರ್ಧಾ ಇಲ್ಲ.

ನಂದು ಅವತ್ತ ಹೆಂಗಿತ್ತಂದ್ರ, ಹುಬ್ಬಳ್ಳಿಂದ ಅಂಕೋಲಾಕ್ಕ ಹತ್ರ ಹತ್ರ 130 ಕಿಲೋಮೀಟರ್, ಯಲ್ಲಾಪುರದಾಗ ಚಾಕ್ಕ ನಿಂತಿದ್ದು ಒಂದ ಸಲ, ಅದೂ ಮಣಕಾಲಿಗಲ್ಲ, ಚಾಕ್ಕ.